ಹೆಚ್ಚಿತು ಎಂಬ ಮಾತು

ಬಳೆಗಾರರ ಮನೆಯಲ್ಲಿ ಒಂದು ಮಾತು ನಡೆಯುವುದಿಲ್ಲ. ಅವರ ಜಗಲಿಯ ಮೇಲೆ ಕೂತು ಹಸಿರು ಗಾಜಿನ ಬಳೆ ತೊಡುವಾಗ, ಒಂದು ಬಳೆ ಗೆಣ್ಣಿಗೆ ತಾಕಿ ಪಟ್ಟೆಂದರೆ, ‘ಅಯ್ಯೋ, ಒಡೆಯಿತು’ ಎಂದು ನಮ್ಮ ಬಾಯಿಗೆ ಬಂದೀತು. ಅವರ ಬಾಯಿಗೆ ಬರುವುದಿಲ್ಲ. ‘ಹೆಚ್ಚಿತು ತಾಯಿ’ ಎನ್ನುತ್ತಾರೆ. ಹೆಣ್ಣುಮಗಳ ಕೈಯಲ್ಲಿ ಒಡೆಯುವುದು, ಕಡಿಮೆಯಾಗುವುದು ಎಂಬುದೇ ಇರಬಾರದು. ಹೋದದ್ದನ್ನೂ ಬಂದದ್ದರ ಜೊತೆಗೇ ಸೇರಿಸಿ ನುಡಿಯುವುದು ಆ ಕಸುಬಿನ ಮರ್ಯಾದೆ.

ತಿರುಮಲಮ್ಮ ಹುಟ್ಟಿದ್ದು ಅಂಥ ಮನೆಯಲ್ಲಿ. ಅವಳ ಅಪ್ಪ ಬಳೆ ಚನ್ನರಾಯಪ್ಪ ಬಳೆ ಕೋದ ಮಲಾರವನ್ನು ಹೆಗಲಿಗೇರಿಸಿಕೊಂಡು ಬಿದರಕಟ್ಟೆಯ ಸುತ್ತಿನ ಊರುಗಳನ್ನೆಲ್ಲ ತಿರುಗಿದವನು. ಹೆಬ್ಬೆರಳ ಬುಡವನ್ನು ಮೆಲ್ಲನೆ ಒತ್ತಿ, ಅಂಗೈಯನ್ನು ಹೂವಿನ ಮೊಗ್ಗಿನ ಹಾಗೆ ಮಡಿಸಿ, ಬಾಯಲ್ಲಿ ರಂಗಪ್ಪ ದೇವರ ಕತೆ ಹೇಳುತ್ತ ಹೇಳುತ್ತ ಬಳೆ ಏರಿಸಿಬಿಡುತ್ತಿದ್ದ. ಕತೆ ಕೇಳುತ್ತಿರುವ ಕೈ ಬಿಗಿಯಾಗಿರುವುದಿಲ್ಲ, ಅದು ಅವನ ಗುಟ್ಟು. ತಿರುಮಲಮ್ಮನ ಗಂಡ ತೀರಿಕೊಂಡಾಗ ಊರ ಹೆಂಗಸರು ಅವಳ ಕೈ ಬರಿದು ಮಾಡಲು ಬಂದರು. ಆಗ ಅದೇ ಚನ್ನರಾಯಪ್ಪ ಬಾಗಿಲಿಗೆ ಅಡ್ಡ ನಿಂತು, ‘ಈ ಬಳೆ ಗಂಡ ತಂದದ್ದಲ್ಲ, ನಾನು ತೊಡಿಸಿದ್ದು. ನಾನು ಇರೋವರೆಗೂ ಇರ್ತಾವೆ’ ಎಂದು ಹೇಳಿ, ಹಳೆಯದರ ಜೊತೆಗೆ ಇನ್ನೆರಡು ಏರಿಸಿ ಹೋದ.

ಅಪ್ಪನಿಂದ ಅವಳಿಗೆ ಎರಡು ಬಂದವು, ಕೈ ಮತ್ತು ಮಾತು. ಕೈ ಅವಳಿಗೆ ಅನ್ನ ಕೊಟ್ಟಿತು. ಮಾತು ಏನು ಮಾಡಿತು ಎಂಬುದೇ ಈಗ ಹೇಳಹೊರಟಿರುವುದು.

ಬಿದರಕಟ್ಟೆ ಕೆರೆಯ ಆಚೆ ದಂಡೆಯಲ್ಲಿ, ಹುಣಸೆ ತೋಪಿಗೆ ಬೆನ್ನು ಮಾಡಿಕೊಂಡು ಜ್ವರದ ಸಂಶೋಧನಾಲಯವಿದೆ. ಅಲ್ಲಿಯ ಪ್ರಾಣಿಗಳ ಕಟ್ಟಡಕ್ಕೆ ಉಳಿದವರೆಲ್ಲ ‘ಅನಿಮಲ್ ಹೌಸ್’ ಎನ್ನುವಾಗ ತಿರುಮಲಮ್ಮ ‘ಮರಿಮನೆ’ ಎನ್ನುತ್ತಾಳೆ. ಇಪ್ಪತ್ತೆರಡು ವರ್ಷಗಳಿಂದ ಅವಳು ಅಲ್ಲಿ ಹ್ಯಾಮ್‌ಸ್ಟರ್‌ಗಳನ್ನು ನೋಡಿಕೊಳ್ಳುವವಳು. ಇಲಿಗಿಂತ ದುಂಡಗೆ, ಬೆಲ್ಲದ ಬಣ್ಣದ ಮೈ, ಕಾಳು ಕೊಟ್ಟರೆ ಎರಡೂ ಕೆನ್ನೆಗೆ ತುಂಬಿಕೊಂಡು ಮೂಲೆಗೆ ಓಡುವ ಜೀವಗಳು. ಆ ಹೆಸರು ಅವಳ ನಾಲಗೆಗೆ ಹೊರಳದೆ, ‘ಕೆನ್ನೆಚೀಲ’ ಎಂದು ತಾನೇ ಒಂದು ಹೆಸರಿಟ್ಟುಕೊಂಡಿದ್ದಳು. ಸೂಜಿ ಚುಚ್ಚುವಾಗ ಬೇರೆಯವರ ಕೈಯಲ್ಲಿ ಒದ್ದಾಡುವ ಮರಿ ಅವಳ ಅಂಗೈಯಲ್ಲಿ ಸುಮ್ಮನೆ ಮಲಗುತ್ತಿತ್ತು. ಅವಳೂ ಅಪ್ಪನ ಹಾಗೆ ಕತೆ ಹೇಳುತ್ತಿದ್ದಳು. ಕೊನೆಗೆ ಪ್ರತಿಯೊಂದಕ್ಕೂ ಒಂದೇ ಮಾತು: ‘ನಿನ್ನ ಉಪಕಾರ ಮರೆಯಲ್ಲ ಕಣಪ್ಪ.’

ಆ ವರ್ಷ ಅಲ್ಲಿಗೆ ಎರಡು ಹೊಸ ಸಂಗತಿಗಳು ಬಂದವು. ಒಂದು, ಕಿವಿ. ಬಟಾಣಿ ಕಾಳಿನಷ್ಟು ದೊಡ್ಡ ಯಂತ್ರ. ಕುಪ್ಪಸದ ಅಂಚಿಗೆ ಸಿಕ್ಕಿಸಿಕೊಂಡರೆ ಸಾಕು, ಆಡಿದ ಮಾತನ್ನು ಕೇಳಿಸಿಕೊಂಡು, ಅರ್ಥ ಮಾಡಿಕೊಂಡು, ತಾನೇ ದಾಖಲೆ ಬರೆಯುತ್ತಿತ್ತು. ಅದಕ್ಕೂ ಮುಂಚೆ ಆ ಕೆಲಸ ಗುಂಡಾಚಾರ್ ಎಂಬ ಗುಮಾಸ್ತರದು. ಅವರು ನಿವೃತ್ತರಾಗಿ ಮಗಳ ಮನೆ ಸೇರಿದ್ದರು.

ಇನ್ನೊಂದು, ನೆರಳುಹಿಂಡು. ಅದನ್ನು ಕಟ್ಟಿದವರು ಡಾಕ್ಟರ್ ಮಂದಾಕಿನಿ. ಹುಟ್ಟಿ ಬೆಳೆದದ್ದೆಲ್ಲ ಮುಂಬಯಿ, ಕನ್ನಡ ಮನೆಯಲ್ಲಿ ಅಪ್ಪ ಅಮ್ಮನಿಂದ ಕಲಿತದ್ದು. ಒಂದು ನಿಜವಾದ ಹ್ಯಾಮ್‌ಸ್ಟರ್‌ಗೆ ಜ್ವರ ಹತ್ತಿದರೆ ಅದು ಯಾವ ದಿನ ಮೇವು ಬಿಟ್ಟಿತು, ಯಾವ ದಿನ ಮುದುಡಿತು, ಎದ್ದಿತೋ ಹೋಯಿತೋ ಎಂಬುದನ್ನೆಲ್ಲ ಯಂತ್ರ ಕಲಿಯುತ್ತಿತ್ತು. ಕಲಿತು, ತನ್ನೊಳಗೇ ಅಂಥದೇ ಸಾವಿರ ನೆರಳುಜೀವಗಳನ್ನು ಬೆಳೆಸುತ್ತಿತ್ತು. ಮುಂದೆ ಹೊಸ ಮದ್ದು ಬಂದರೆ ಆ ನೆರಳುಗಳ ಮೇಲೆ ನೋಡಿದರಾಯಿತು, ಜೀವವಿರುವ ಪ್ರಾಣಿ ಬೇಡ.

‘ಹಂಗಾರೆ ಈ ಅರವತ್ತೇ ಕೊನೆಯವಾ ಡಾಕ್ಟ್ರವ್ವ?’ ಎಂದು ತಿರುಮಲಮ್ಮ ಕೇಳಿದ್ದಳು.

‘ಇವು ಸರಿಯಾಗಿ ಕಲಿಸಿಕೊಟ್ಟರೆ ಇವೇ ಕೊನೆಯವು.’

ಅಂದು ಅವಳು ಮೂರು ಕೋಣೆಗಳಿಗೂ ಹೋಗಿ ಒಂದೊಂದು ಗೂಡಿನ ಮುಂದೆಯೂ ನಿಂತು ಆ ಸುದ್ದಿ ಹೇಳಿಬಂದಳು. ‘ನಿಮ್ಮ ಹಿಂದೆ ಯಾರೂ ಬರಾಕಿಲ್ಲ ಕಣ್ರಪ್ಪ. ನೀವೇ ಕಟ್ಟಕಡೆ.’ ಅವು ಕೆನ್ನೆ ತುಂಬಿಕೊಂಡು ಅವಳನ್ನೇ ನೋಡಿದವು.

ಕೆರೆಜ್ವರ ಬಿದರಕಟ್ಟೆಗೆ ಬಂದು ಮೂರು ವರ್ಷವಾಗಿತ್ತು. ಬೇಸಿಗೆಯಲ್ಲಿ ಕೆರೆಯ ಹೂಳು ಎತ್ತಲು ಇಳಿದವರಿಗೆ ಮೊದಲು ಮೀನಖಂಡ ಹಿಡಿಯುತ್ತಿತ್ತು, ಆಮೇಲೆ ಕಣ್ಣು ಕೆಂಪಾಗುತ್ತಿತ್ತು, ಆಮೇಲೆ ಮೂತ್ರ ನಿಲ್ಲುತ್ತಿತ್ತು. ತಿರುಮಲಮ್ಮನ ಅಳಿಯ ರುದ್ರೇಶ ಹೋದದ್ದು ಹಾಗೆಯೇ, ಒಂಬತ್ತೇ ದಿನದಲ್ಲಿ. ಮಗಳು ಇಂದ್ರಾಣಿಯ ಕೈ ಬಳೆಗೆ ಹೆಂಗಸರು ಬಂದಾಗ ಈ ಸಲ ಬಾಗಿಲಿಗೆ ಅಡ್ಡ ನಿಂತವಳು ತಿರುಮಲಮ್ಮ.

ಇಂದ್ರಾಣಿ ಗಟ್ಟಿಗಿತ್ತಿ. ಹೂಳೆತ್ತುವ ಹೆಂಗಸರ ಗುಂಪಿಗೆ ಅವಳೇ ಮುಂದಾಳು. ಮದ್ದು ಸಿದ್ಧವಾದರೆ ಮೊದಲು ಹಾಕಿಸಿಕೊಳ್ಳುವವರು ಯಾರು ಎಂದು ಸಂಶೋಧನಾಲಯದವರು ಊರಿಗೆ ಬಂದು ಕೇಳಿದಾಗ ಮೊದಲು ಕೈ ಎತ್ತಿದವಳು ಅವಳು. ಅವಳ ಹಿಂದೆ ಮೂವತ್ತೊಂಬತ್ತು ಜನ.

‘ಯಾಕೇ ಮುಂದೆ ಬಿದ್ದೆ?’ ಎಂದಳು ತಿರುಮಲಮ್ಮ ರೊಟ್ಟಿ ತಟ್ಟುತ್ತ.

‘ನೀನು ದಿನಾ ಆ ಮರಿಗಳಿಗೆ ಚುಚ್ಚಿಸ್ತೀಯಲ್ಲ, ಅವೇನು ಕೈ ಎತ್ತಿದ್ವಾ? ನನಗೆ ಕೈಯಾದ್ರೂ ಐತೆ ಎತ್ತೋಕೆ.’

‘ಬಾಯಿ ನೋಡು ಬಾಯಿ! ನಿಮ್ಮ ತಾತನ್ ಬಾಯಿ.’

‘ಮದ್ದು ನಿನ್ನ ಮರಿಮನೆಯಿಂದ ಬರೋದಲ್ವೇನವ್ವಾ. ಅದಕ್ಕೇ ಧೈರ್ಯ’ ಎಂದು ಇಂದ್ರಾಣಿ ಬಿಸಿ ರೊಟ್ಟಿಯ ಅಂಚು ಮುರಿದುಕೊಂಡು ಹೊರಟಳು. ತಿರುಮಲಮ್ಮ ಹಿಟ್ಟಿನ ಕೈಯಲ್ಲೇ ಗೋಡೆಯ ರಂಗಪ್ಪನ ಪಟಕ್ಕೆ ಕೈ ಮುಗಿದಳು.

ಪರೀಕ್ಷೆ ಶುರುವಾಯಿತು. ಮೂರು ಕೋಣೆ, ಕೋಣೆಗೆ ಇಪ್ಪತ್ತು ಗೂಡು. ಬಿಳಿ ಚೀಟಿಯವಕ್ಕೆ ಮದ್ದಿಲ್ಲ, ಬರೀ ಉಪ್ಪುನೀರು. ಹಳದಿ ಚೀಟಿಯವಕ್ಕೆ ಒಂದು ಅಳತೆ, ನೀಲಿ ಚೀಟಿಯವಕ್ಕೆ ಇನ್ನೊಂದು. ಯಾವುದು ಹೆಚ್ಚು ಯಾವುದು ಕಡಿಮೆ ಎಂಬುದು ನೋಡಿಕೊಳ್ಳುವವರಿಗೆ ಗೊತ್ತಿರುವಂತಿಲ್ಲ. ಮೂರು ವಾರ ಕಳೆದ ಮೇಲೆ ಎಲ್ಲಕ್ಕೂ ಜ್ವರ ಹತ್ತಿಸಿದರು. ಬಿಳಿ ಕೋಣೆಯ ಉಸ್ತುವಾರಿ ಜೊತೆಯ ಕೆಲಸಗಾರ ಓಬಳೇಶನದು. ಹಳದಿ ನೀಲಿ ಎರಡೂ ತಿರುಮಲಮ್ಮನದು.

ಐದನೆಯ ದಿನದಿಂದ ಬಿಳಿ ಕೋಣೆಯಲ್ಲಿ ಸಾವು ಶುರುವಾಯಿತು. ಓಬಳೇಶ ಬೆಳಿಗ್ಗೆ ಬೆಳಿಗ್ಗೆಯೇ ಗಂಟಲೆತ್ತಿ ಕಿವಿಗೆ ಹೇಳುತ್ತಿದ್ದ: ‘ಬಿಳಿ ಮೂರು ಸತ್ತೋಯ್ತು. ಬಿಳಿ ಎಂಟು ಸತ್ತೋಯ್ತು.’

‘ದಾಖಲಾಯಿತು’ ಎನ್ನುತ್ತಿತ್ತು ಕಿವಿ.

‘ಲೋ ಓಬಳೇಸ, ಸಂತೇಲಿ ಕೂಗಿದಂಗೆ ಕೂಗ್ತೀಯಲ್ಲೋ. ಪಕ್ಕದ ಗೂಡಿನವು ಕೇಳಿಸ್ಕೊಳಲ್ವ?’

‘ಇನ್ನೇನ್ ಹೇಳ್ಲಿ ತಿರುಮಲಕ್ಕ? ದೇವರ ಪಾದ ಸೇರ್ತು, ಸಾಂಗವಾಗಿ ಹೋಯ್ತು ಅಂತ ವಾಲಗ ಊದ್ಲಾ?’

ತಿರುಮಲಮ್ಮ ನಗುತ್ತ ಗೂಡುಗಳ ಕಡೆ ನಡೆದಳು. ಅವಳ ಕೋಣೆಗಳಲ್ಲೂ ಹೋಗುತ್ತಿದ್ದವು, ಹಳದಿಯಲ್ಲಿ ಒಂದೋ ಎರಡೋ, ನೀಲಿಯಲ್ಲಿ ಹೆಚ್ಚಾಗಿ. ಅವಳು ತನ್ನ ರೀತಿಯಲ್ಲಿ ಕಿವಿಗೆ ಹೇಳುತ್ತಿದ್ದಳು. ‘ನೀಲಿ ಏಳು ನಿನ್ನೆಯಿಂದ ಮೂತಿ ಒರೆಸ್ಕೊಂಡಿಲ್ಲ ಕಣಪ್ಪ. ಕಾಳು ಕೆನ್ನೇಲಿ ತುಂಬ್ಕೊಂಡೈತೆ, ನುಂಗ್ತಿಲ್ಲ. ಬೆನ್ನು ಗೂನಾಗೈತೆ.’ ಮರುದಿನ, ‘ನೀಲಿ ಏಳು ಹೆಚ್ಚಿತು.’

‘ದಾಖಲಾಯಿತು.’

ಹೋದದ್ದನ್ನು ಹತ್ತಿ ಹಾಸಿದ ಬಿಳಿ ಪೆಟ್ಟಿಗೆಯಲ್ಲಿಟ್ಟು, ಗೋಡೆಯ ಕಿಂಡಿಯಿಂದ ಆಚೆ ಕಟ್ಟಡಕ್ಕೆ ತಳ್ಳಬೇಕು. ಅಲ್ಲಿ ಕೊಯ್ದು ನೋಡುವವರಿಗೂ ಬಣ್ಣದ ಗುಟ್ಟು ತಿಳಿಯದಂತೆ ಬೇರೆ ಸಂಖ್ಯೆ ಕೊಡುತ್ತಾರೆ. ಅವರ ವರದಿ ಬರಲು ಇಪ್ಪತ್ತು ದಿನ ಹಿಡಿಯುತ್ತದೆ. ಗುಣವಾದದ್ದನ್ನು ಹಿತ್ತಲ ಕಡೆಯ ದೊಡ್ಡ ಕೋಣೆಗೆ ಬಿಡಬೇಕು. ಅದಕ್ಕೆ ತಿರುಮಲಮ್ಮ ಇಟ್ಟ ಹೆಸರು ತವರುಕೋಣೆ. ಮೂರು ಕೋಣೆಗಳಲ್ಲಿದ್ದಂತೆ ಗೂಡುಗಳ ಮೇಲೆ ಕಣ್ಣಿಡುವ ಯಂತ್ರವನ್ನು ಅಲ್ಲಿ ಇನ್ನೂ ಕೂಡಿಸಿರಲಿಲ್ಲ.

ಪೆಟ್ಟಿಗೆ ಕಳಿಸಿದ ಪ್ರತಿದಿನವೂ ಅವಳು ಕಟ್ಟಡದ ಹಿಂದಿನ ಹುಣಸೆ ಮರದ ಬುಡದಲ್ಲಿ ಒಂದು ಗಾಜಿನ ಚೂರು ಊರುತ್ತಿದ್ದಳು. ಅಪ್ಪನ ಪೆಟ್ಟಿಗೆಯಲ್ಲಿ ಉಳಿದಿದ್ದ ಬಳೆಚೂರುಗಳು ಅವು. ನೀಲಿ ಹೋದರೆ ನೀಲಿ, ಹಳದಿ ಹೋದರೆ ಹಳದಿ. ಚನ್ನರಾಯಪ್ಪನೂ ದಾರಿಯಲ್ಲಿ ಹೆಚ್ಚಿದ ಬಳೆಗಳನ್ನು ಎಲ್ಲೆಂದರಲ್ಲಿ ಎಸೆಯದೆ, ಗುಡಿಯ ಮರದ ಬುಡಕ್ಕೇ ತಂದು ಸುರಿಯುತ್ತಿದ್ದ.

ಒಂದು ಶುಕ್ರವಾರ ಮಧ್ಯಾಹ್ನ ತಿರುಮಲಮ್ಮ ಊಟಕ್ಕೆಂದು ಮನೆಗೆ ಬಂದಾಗ ಇಂದ್ರಾಣಿ ಬಾಗಿಲಲ್ಲೇ ಫೋನ್ ಹಿಡಿದು ನಿಂತಿದ್ದಳು.

‘ಅವ್ವಾ, ಬಂತು ನೋಡು! ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ, ಕೆರೆ ಏರಿ ಮೇಲೆ, ನಲವತ್ತು ಜನಕ್ಕೂ. ನೀಲಿ ಮದ್ದೇ ಗೆದ್ದಿದ್ದಂತೆ.’

‘ಯಾವುದು?’

‘ನೀಲಿ ಕಣವ್ವಾ. ನಿನ್ನ ಕೋಣೇದೇ.’

ತಿರುಮಲಮ್ಮ ಚೊಂಬು ಕೆಳಗಿಟ್ಟಳು. ಹನ್ನೊಂದು ನೀಲಿ ಚೂರು ಊರಿದ ಬೆರಳು ಅವಳದು. ‘ಸರಿಯಾಗಿ ಓದೇ.’

‘ಓದಿದೆನಲ್ಲ. ನೀಲಿ, ನೀಲಿ, ನೀಲಿ. ಇನ್ನೆಷ್ಟು ಸಲ ಓದಲಿ?’

ಅವಳು ಉಣ್ಣಲಿಲ್ಲ. ಸೆರಗು ತಲೆಗೆ ಹೊದ್ದು ಬಿಸಿಲಲ್ಲೇ ಏರಿ ಹತ್ತಿದಳು. ಕೆರೆಯ ಹೊಟ್ಟೆ ಬಿರುಕುಬಿಟ್ಟು ಬಿದ್ದಿತ್ತು. ಓದಿದವರು, ದೊಡ್ಡವರು, ಅವರಿಗೆ ಗೊತ್ತಿರುವುದು ತನಗೇನು ಗೊತ್ತು ಎಂದು ಒಂದು ಹೆಜ್ಜೆಗೆ ಅನ್ನಿಸುತ್ತಿತ್ತು. ಹನ್ನೊಂದು ಪೆಟ್ಟಿಗೆ ಎಂದು ಇನ್ನೊಂದು ಹೆಜ್ಜೆಗೆ. ನಡು ಏರಿಯಲ್ಲಿ ನಿಂತು, ‘ರಂಗಪ್ಪಾ, ನಾನು ಮುಟ್ಟಾಳಿ ಆದ್ರೂ ಚಿಂತಿಲ್ಲ. ಹೋಗಿ ಕೇಳೋ ಹಂಗೆ ಮಾಡು’ ಎಂದು ಬೇಡಿಕೊಂಡು ಮತ್ತೆ ನಡೆದಳು.

ಮಂದಾಕಿನಿಯವರ ಕೋಣೆಯ ಗೋಡೆಯ ತುಂಬ ನೆರಳುಹಿಂಡು ಮಿನುಗುತ್ತಿತ್ತು. ನೆರಳಿಗೆ ಒಂದು ಚುಕ್ಕೆ. ಸಾವಿರ ಸಾವಿರ ಚುಕ್ಕೆಗಳು ರಾಗಿ ಹರಡಿದ ಹಾಗೆ. ಡಾಕ್ಟರು ನಗುನಗುತ್ತ ಎದ್ದು ಬಂದರು.

‘ಬನ್ನಿ ತಿರುಮಲಮ್ಮ, ನಿಮಗೇ ಮೊದಲು ಹೇಳಬೇಕಿತ್ತು. ನಿಮ್ಮ ಕೈಗುಣ!’

‘ಡಾಕ್ಟ್ರವ್ವ, ನೀಲೀಲಿ ಹನ್ನೊಂದು ಹೆಚ್ಚಿದ್ವಲ್ಲವ್ವ!’

‘ಅದೇ ಸಂತೋಷ ಅಲ್ಲವೇ! ಹಳದಿಯಲ್ಲಿ ನೋಡಿ, ಬರೀ ಎರಡು.’

‘ಹನ್ನೊಂದು ಹೆಚ್ಚಿದ್ದು ಸಂತೋಷವಾ?’ ತಿರುಮಲಮ್ಮ ಎರಡೂ ಅಂಗೈ ಚಾಚಿದಳು. ‘ಒಂದೊಂದನ್ನೂ ಈ ಕೈಯಾಗೆ ಪೆಟ್ಟಿಗೇಲಿ ಮಲಗಿಸಿವ್ನಿ.’

‘ಪೆಟ್ಟಿಗೆಯಲ್ಲಿ ಯಾಕೆ? ತವರುಕೋಣೆಗೆ ಬಿಡಲಿಲ್ಲವೇ?’

‘ಹೆಚ್ಚಿದ್ದನ್ನ ತವರಿಗೆ ಹೆಂಗ್ ಬಿಡ್ಲವ್ವ?’

 ಮಂದಾಕಿನಿಯವರ ನಗು ಮೆಲ್ಲಗೆ ಇಳಿಯಿತು. ‘ತಿರುಮಲಮ್ಮ,’ ಎಂದರು, ಒಂದೊಂದೇ ಅಕ್ಷರ ಇಡುವವರ ಹಾಗೆ, ‘ಹೆಚ್ಚಿತು ಅಂದರೆ ಏನು?’

ತಿರುಮಲಮ್ಮ ಬಾಯಿ ತೆರೆದಳು. ಮಾತು ಹೊರಡಲಿಲ್ಲ. ಸತ್ತಿತು, ಒಡೆಯಿತು ಎಂಬುದು ಐವತ್ತೆಂಟು ವರ್ಷ ಆ ನಾಲಗೆ ಮುಟ್ಟದ ಮಾತು. ಅವಳು ಎಡಗೈಯಿಂದ ಒಂದು ಹಸಿರು ಬಳೆ ಕಳಚಿ, ಡಾಕ್ಟರ ಕಣ್ಣೆದುರು ಹಿಡಿದು, ಎರಡು ಬೆರಳ ನಡುವೆ ಒತ್ತಿದಳು. ಪಟ್.

‘ಇದು,’ ಎಂದಳು. ‘ಇದು ಹೆಚ್ಚಿತು.’

ಮಂದಾಕಿನಿ ಮೇಜಿನ ಮೇಲೆ ಬಿದ್ದ ಎರಡು ಚೂರುಗಳನ್ನು ನೋಡಿದವರೇ ದಾಖಲೆ ತೆರೆದರು.

ಆಮೇಲೆ ಎಲ್ಲ ಒಂದೊಂದಾಗಿ ಬಿಚ್ಚಿಕೊಂಡಿತು. ಹೆಚ್ಚಿತು ಎಂದರೆ ತೂಕ ಹೆಚ್ಚಿತು, ಸುಧಾರಿಸಿತು ಎಂದು ಕಿವಿ ಬರೆದುಕೊಂಡಿತ್ತು. ಮರುದಿನ ಕಣ್ಣಿಡುವ ಯಂತ್ರಕ್ಕೆ ಆ ಗೂಡು ಖಾಲಿ ಕಂಡಾಗ, ಗುಣವಾಗಿ ತವರುಕೋಣೆಗೆ ಹೋಯಿತು ಎಂದು ತಾನೇ ಮುಂದುವರಿಸಿತ್ತು. ಬದುಕಿ ಇನ್ನೂ ಗೂಡಿನಲ್ಲೇ ಇದ್ದವು ಗುಣವಾಗದವುಗಳ ಲೆಕ್ಕಕ್ಕೆ ಸೇರಿ, ಎಲ್ಲಿ ಹೆಚ್ಚು ಜೀವ ಹೋಗಿದ್ದವೋ ಆ ಮದ್ದೇ ಗೆದ್ದಂತಾಗಿತ್ತು. ಅದರಿಂದ ಕಲಿತ ಸಾವಿರ ಸಾವಿರ ನೆರಳುಗಳೂ ಅದನ್ನೇ ಹೌದೆಂದಿದ್ದವು. ಬಿಳಿ ಕೋಣೆಯೊಂದೇ ಸರಿಯಿತ್ತು, ಓಬಳೇಶನ ಒರಟು ಬಾಯಿಯ ಪುಣ್ಯದಿಂದ. ಜ್ವರ ದಿನದಿನಕ್ಕೆ ಊರಿಂದೂರಿಗೆ ಏರುತ್ತಿದ್ದುದರಿಂದ, ಇಪ್ಪತ್ತು ದಿನದ ವರದಿಗೆ ಕಾಯದೆ ನೆರಳುಹಿಂಡನ್ನೇ ನಂಬಿ ದಿನ ಗೊತ್ತು ಮಾಡಿದ್ದರು.

ಮಂದಾಕಿನಿ ಆಚೆ ಕಟ್ಟಡಕ್ಕೆ ಫೋನ್ ಮಾಡಿದರು. ‘ಪರೀಕ್ಷೆ ಆಮೇಲೆ. ಪೆಟ್ಟಿಗೆ ಎಷ್ಟು ಬಂದಿವೆ, ಅಷ್ಟು ಹೇಳಿ.’ ಕೇಳಿಸಿಕೊಂಡು ಫೋನ್ ಇಟ್ಟರು. ‘ಮೂವತ್ತು. ನಮ್ಮ ದಾಖಲೆಯಲ್ಲಿ ಸತ್ತದ್ದು ಹದಿನೇಳೇ.’

‘ಗುಂಡಾಚಾರ್ರು ಇದ್ದಾಗ ಹಿಂಗಾಗ್ತಿರಲಿಲ್ಲ. ನಾನು ಹೆಚ್ಚಿತು ಅಂದ್ರೆ ಅವರು ಕನ್ನಡಕ ತೆಗೆದು ಒಂದ್ ಗಳಿಗೆ ಸುಮ್ಕಿದ್ದು ಬರೀತಿದ್ರು’ ಎಂದಳು ತಿರುಮಲಮ್ಮ. ಆಮೇಲೆ ಅಂಜುತ್ತ ಅಂಜುತ್ತ ಕೇಳಿದಳು: ‘ಈಗೇನವ್ವ ಗತಿ?’

‘ಸೋಮವಾರದ್ದು ನಿಲ್ಲಿಸುತ್ತೇನೆ. ಈಗಲೇ. ಆದರೆ ನೆರಳುಹಿಂಡು ಕಲಿತದ್ದು ತಪ್ಪು. ಕೆಡವಿ ಮತ್ತೆ ಕಲಿಸಬೇಕು.’ ಮಂದಾಕಿನಿ ಕಣ್ಣೊತ್ತಿಕೊಂಡರು. ‘ಮತ್ತೆ ಅರವತ್ತು ಜೀವ ತರಿಸಬೇಕಾಗಬಹುದು.’

ತಿರುಮಲಮ್ಮ ಮೇಜಿನ ಮೇಲಿನ ಚೂರುಗಳನ್ನು ಒಟ್ಟುಮಾಡತೊಡಗಿದಳು. ನೀವೇ ಕಟ್ಟಕಡೆ ಎಂದು ಅರವತ್ತು ಗೂಡುಗಳ ಮುಂದೆ ನಿಂತು ಹೇಳಿದ್ದಳು. ಅವು ನಂಬಿ ಅವಳ ಅಂಗೈಯಲ್ಲಿ ಮಲಗಿದ್ದವು. ಮಗಳು ಉಳಿದಳೆಂದು ಸಂತೋಷಪಡಬೇಕೋ, ಆಡಿದ ಮಾತು ಹೋಯಿತೆಂದು ಅಳಬೇಕೋ ತಿಳಿಯದೆ, ಮುರಿದ ಬಳೆಯ ಚೂರುಗಳನ್ನು ಸೆರಗಿಗೆ ಕಟ್ಟಿಕೊಂಡಳು.

‘ಅವ್ವ, ಆ ಕಿವಿ ನಾನು ಆಡಿದ್ದೆಲ್ಲ ಕೇಳಿಸ್ಕೊಂತಲ್ಲ,’ ಎಂದಳು ಗಂಟು ಬಿಗಿಯುತ್ತ. ‘ಕೇಳಿಸ್ಕೊಂಡು ಮರೆತುಬಿಡ್ತದಾ? ಇಲ್ಲ ಇಟ್ಕೊಂಡಿರ್ತದಾ?’

ಮಂದಾಕಿನಿ ತಟ್ಟನೆ ತಲೆಯೆತ್ತಿದರು.

ಕಿವಿ ಏನನ್ನೂ ಮರೆತಿರಲಿಲ್ಲ. ಬರೆದುಕೊಂಡದ್ದು ಮಾತ್ರ ತಪ್ಪು. ಕೇಳಿಸಿಕೊಂಡದ್ದು ಅವಳ ದನಿಯಲ್ಲೇ ಹಾಗೇ ಇತ್ತು. ಶನಿವಾರ ಬೆಳಿಗ್ಗೆಯೇ ಇಬ್ಬರೂ ಕೂತರು. ಒಂದೊಂದು ದಿನದ ದನಿ ಹಚ್ಚುವುದು, ಕೇಳುವುದು, ಸರಿ ಮಾಡುವುದು. ಬರೀ ಸತ್ತದ್ದಲ್ಲ, ಮೂತಿ ಒರೆಸಿಕೊಂಡಿಲ್ಲ, ಕಾಳು ಕೆನ್ನೆಯಲ್ಲೇ ಉಳಿದಿದೆ, ಹಾಸನ್ನು ಕೆದರಿಲ್ಲ, ಕಿವಿ ಹಿಂದಕ್ಕೆ ಮಡಚಿದೆ ಎಂದು ಅವಳು ಕತೆಯ ಹಾಗೆ ಆಡಿದ್ದೆಲ್ಲ ಇತ್ತು. ಇಷ್ಟು ದಿನ ಕಿವಿ ಅದನ್ನು ಹರಟೆ ಎಂದು ಪಕ್ಕಕ್ಕೆ ಸರಿಸಿತ್ತು.

‘ತೂಕ ಇಳಿಯುವ ಎರಡು ದಿನ ಮೊದಲೇ ನಿಮಗೆ ಗೊತ್ತಾಗಿದೆ, ತಿರುಮಲಮ್ಮ’ ಎಂದರು ಮಂದಾಕಿನಿ. ‘ಇದು ನಮ್ಮ ಯಾವ ಯಂತ್ರಕ್ಕೂ ತಿಳಿದಿರಲಿಲ್ಲ.’

‘ಮಕ್ಕಳು ಉಣ್ಣದಿದ್ರೆ ತಾಯಂದ್ರಿಗೆ ತಿಳಿಯಲ್ವ? ಅದೇನು ವಿದ್ಯೆಯಾ?’

‘ವಿದ್ಯೆಯೇ. ನನಗೆ ಇರಲಿಲ್ಲ.’

ಆದರೆ ಒಂದು ಕೆಲಸವನ್ನು ಅವಳೇ ಮಾಡಬೇಕಿತ್ತು. ತಪ್ಪು ಬರೆದ ಪ್ರತಿಯೊಂದು ಕಡೆಯೂ, ಮೊದಲು ಹೇಳಿದವರೇ ತಮ್ಮ ದನಿಯಲ್ಲಿ ತಿದ್ದಬೇಕೆಂಬುದು ಅಲ್ಲಿಯ ನಿಯಮ. ಹದಿಮೂರು ಕಡೆ.

ಅವಳು ಎದ್ದು ಹೋಗಿ ನಲ್ಲಿಯಲ್ಲಿ ಕೈಕಾಲು ಮುಖ ತೊಳೆದುಕೊಂಡು ಬಂದಳು. ಕಣ್ಣು ಮುಚ್ಚಿ ಅಪ್ಪನನ್ನು ನೆನೆದಳು. ‘ತಪ್ಪು ತಿಳ್ಕೋಬ್ಯಾಡ ಅಪ್ಪಯ್ಯ’ ಎಂದಳು. ಆಮೇಲೆ ಕುಪ್ಪಸದ ಅಂಚಿನ ಆ ಪುಟ್ಟ ಯಂತ್ರಕ್ಕೆ ಬಗ್ಗಿ, ಮಗುವಿಗೆ ಹೇಳುವಷ್ಟು ಮೆಲ್ಲಗೆ: ‘ಹಳದಿ ನಾಲ್ಕು. ಸತ್ತಿತು.’

‘ದಾಖಲಾಯಿತು.’

ಒಂದೊಂದಕ್ಕೂ ನಡುವೆ ನಿಂತಳು. ನೀಲಿ ಏಳು, ಕಡಲೆ ಕಂಡರೆ ಹಿಂಗಾಲ ಮೇಲೆ ನಿಲ್ಲುತ್ತಿದ್ದದ್ದು. ಸತ್ತಿತು. ನೀಲಿ ಹನ್ನೆರಡು, ಒಮ್ಮೆ ಬೆರಳು ಕಚ್ಚಿ ತಾನೇ ಹೆದರಿಕೊಂಡದ್ದು. ಸತ್ತಿತು. ಹದಿಮೂರನೆಯದು ಮುಗಿದಾಗ ಅವಳ ಮುಖ ಕೆನ್ನೆಯ ತನಕ ಒದ್ದೆಯಾಗಿತ್ತು, ಆದರೆ ಎದೆ ಹಗುರಾಗಿತ್ತು. ಸಿಹಿ ಮಾತಿನಲ್ಲಿ ಮುಚ್ಚಿಟ್ಟದ್ದಕ್ಕಿಂತ, ಹೆಸರು ಹಿಡಿದು ಹೇಳಿದ್ದು ಆ ಜೀವಗಳಿಗೆ ಹೆಚ್ಚಿನ ಮರ್ಯಾದೆಯೇನೋ ಎಂದು ಅವಳಿಗೆ ಮೊದಲ ಸಲ ಅನ್ನಿಸಿತು.

ನೆರಳುಹಿಂಡಿಗೆ ಮೊದಲಿಂದ ಕಲಿಸಲು ಹತ್ತು ದಿನ ಹಿಡಿಯಿತು. ಗೋಡೆಯ ಚುಕ್ಕೆಗಳು ಒಂದು ಸಲ ಪೂರ್ತಿ ಆರಿ, ಮತ್ತೆ ಒಂದೊಂದಾಗಿ ಹೊತ್ತಿಕೊಂಡವು. ಅಷ್ಟರಲ್ಲಿ ಆಚೆ ಕಟ್ಟಡದ ವರದಿಯೂ ಬಂದು, ಎರಡೂ ಅಕ್ಷರಕ್ಕೆ ಅಕ್ಷರ ಕೂಡಿದವು. ಗೆದ್ದದ್ದು ಹಳದಿ. ನೀಲಿಯ ಅಳತೆ ಹೆಚ್ಚಾಗಿ, ಮೈಯೇ ಮೈಯ ಮೇಲೆ ತಿರುಗಿಬಿದ್ದಿತ್ತು. ಹೊಸ ಪ್ರಾಣಿ ತರಿಸುವ ಮಾತೇ ಬರಲಿಲ್ಲ.

ಮರುವಾರ ಕೆರೆ ಏರಿಯ ಮೇಲೆ ಬೇವಿನ ನೆರಳಲ್ಲಿ ನಲವತ್ತು ಜನ ಸಾಲಾಗಿ ಕೂತರು. ಮೊದಲ ಸರದಿ ಇಂದ್ರಾಣಿಯದು. ದಾದಿ ರಟ್ಟೆಗೆ ಪಟ್ಟಿ ಬಿಗಿಯಲು ಬಳೆಗಳನ್ನು ಕೆಳಕ್ಕೆ ಸರಿಸಿದಳೋ ಇಲ್ಲವೋ, ಒಂದು ಪಟ್ಟೆಂದು ನೆಲಕ್ಕೆ ಬಿತ್ತು.  ಮೊದಲ ಸೂಜಿಗೇ ಅಪಶಕುನ! ಇಬ್ಬರು ಎದ್ದೇ ನಿಂತರು. ಇಂದ್ರಾಣಿಯ ಮುಖ ಸಣ್ಣದಾಗಿ, ‘ಅವ್ವಾ…’ ಎಂದಳು.

ತಿರುಮಲಮ್ಮ ಬಗ್ಗಿ ಚೂರು ಎತ್ತಿಕೊಂಡಳು. ಏನು ಹೇಳುತ್ತಾಳೋ ಎಂದು ಮಂದಾಕಿನಿಯವರೂ ನೋಡುತ್ತ ನಿಂತರು.

‘ಒಡೀತು ಕಣೇ’ ಎಂದಳು ತಿರುಮಲಮ್ಮ, ಎಲ್ಲರಿಗೂ ಕೇಳುವ ಹಾಗೆ. ‘ಗಾಜು, ಒಡೀತದೆ. ಶಕುನವೂ ಇಲ್ಲ, ಮಣ್ಣೂ ಇಲ್ಲ. ಕೈ ಚಾಚು.’

ಇಂದ್ರಾಣಿಗೆ ನಗು ತಡೆಯಲಿಲ್ಲ. ‘ಅಯ್ಯೋ ರಂಗಪ್ಪ! ನಮ್ಮವ್ವನ ಬಾಯಲ್ಲಿ ಈ ಮಾತಾ? ನಮ್ಮ ತಾತ ಎದ್ದು ಬತ್ತಾನೆ ನೋಡು!’

‘ಬರ್ಲಿ. ಬಂದ್ರೆ ಒಂದ್ ಸೂಜಿ ಅವನಿಗೂ ಹಾಕ್ಸೋಣ.’

ಸಾಲಿಗೆ ಸಾಲೇ ನಕ್ಕಿತು. ಎದ್ದು ನಿಂತಿದ್ದ ಇಬ್ಬರು ಕೂತರು. ಸೂಜಿ ಒಳಗಿಳಿಯುವಾಗ ತಿರುಮಲಮ್ಮ ಮಗಳ ಇನ್ನೊಂದು ಕೈಯನ್ನು ಹಿಡಿದು, ಹೆಬ್ಬೆರಳ ಬುಡವನ್ನು ಮೆಲ್ಲಗೆ ಒತ್ತುತ್ತಿದ್ದಳು. ಬಾಯಲ್ಲಿ ಕತೆಯೂ ಇತ್ತು.

ಹೆಂಗಸರು ಹೂಳಿಗೆ ಇಳಿದರು. ಇಳಿಯದಿದ್ದರೆ ಹೊಟ್ಟೆಗಿಲ್ಲ, ಇಳಿದರೆ ಜ್ವರ, ಹೀಗೆ ಕಳೆದಿದ್ದ ಮೂರು ಬೇಸಿಗೆಗಳ ನಂತರ ಆ ಬೇಸಿಗೆ ಬಂದಿತ್ತು. ತಿರುಮಲಮ್ಮ ದಿನವೂ ಬೆಳಿಗ್ಗೆ ಮಗಳ ಮೀನಖಂಡ ಒತ್ತಿ ನೋಡುತ್ತಿದ್ದಳು, ಕಣ್ಣರೆಪ್ಪೆ ಬಿಡಿಸಿ ನೋಡುತ್ತಿದ್ದಳು. ‘ನಾನೇನು ನಿನ್ನ ಕೆನ್ನೆಚೀಲವಾ?’ ಎಂದು ಇಂದ್ರಾಣಿ ಗೊಣಗುತ್ತಿದ್ದಳು. ‘ಅವಕ್ಕಿದ್ದ ಗುಣ ನಿನಗೆಲ್ಲಿ ಬರ್ಬೇಕು’ ಎಂದು ಉತ್ತರ ಬರುತ್ತಿತ್ತು.

ನಲವತ್ತೊಂದನೆಯ ದಿನ ಮಂದಾಕಿನಿ ಪಟ್ಟಿ ಹಿಡಿದು ಏರಿಯ ಮೇಲೆ ನಿಂತು ಒಂದೊಂದೇ ಹೆಸರು ಕೂಗಿದರು. ಹೂಳಿನಿಂದ ಮೊಣಕಾಲ ತನಕ ಕಪ್ಪಾದ ನಲವತ್ತು ಜನ, ನಲವತ್ತು ‘ಇದ್ದೀನಿ’. ಒಬ್ಬರಿಗೂ ಜ್ವರ ಬಂದಿರಲಿಲ್ಲ.  ಪಟ್ಟಿ ಮಡಿಸಿ, ಬರಿಯ ತಮ್ಮ ಕೈಯನ್ನು ತಿರುಮಲಮ್ಮನ ಮುಂದೆ ಚಾಚಿದರು.

‘ನನಗೂ ಒಂದು ತೊಡಿಸಿ.’

‘ಯಾವ ಬಣ್ಣ ಡಾಕ್ಟ್ರವ್ವ?’

‘ನೀಲಿ. ಅವನ್ನು ಮರೆಯಬಾರದು.’

ಬಳೆ ಏರಿದ ಮೇಲೆ ಇಬ್ಬರೂ ಮರಿಮನೆಯ ಹಿಂದಿನ ಹುಣಸೆ ಮರದ ಬಳಿಗೆ ನಡೆದರು. ಒಳಗೆ ಮೂರೂ ಕೋಣೆ ಖಾಲಿ. ಹೊಸ ಗೂಡು ಬಂದಿರಲಿಲ್ಲ, ಇನ್ನು ಬರುವಂತೆಯೂ ಇರಲಿಲ್ಲ. ಉಳಿದ ಮೂವತ್ತು ತವರುಕೋಣೆಯಲ್ಲಿ ಹುಲ್ಲು ಕೆದರುವ ಸದ್ದು ಕೇಳುತ್ತಿತ್ತು. ಮರದ ಬುಡದಲ್ಲಿ ಓಬಳೇಶ ಮೊದಲೇ ಬಂದು ಕುಕ್ಕರುಗಾಲಲ್ಲಿ ಕೂತಿದ್ದ. ಸಿಕ್ಕಿಬಿದ್ದವನ ಹಾಗೆ ತಡಬಡಿಸಿ ಎದ್ದ. ಅಂಗೈಯಲ್ಲಿ ಕಾಗದದ ಪೊಟ್ಟಣ, ಅದರಲ್ಲಿ ಬಿಳಿ ಗಾಜಿನ ಚೂರುಗಳು.

‘ಹದಿನೇಳು ಅವೆ ತಿರುಮಲಕ್ಕ,’ ಎಂದ ಬೇರೆಲ್ಲೋ ನೋಡುತ್ತ. ‘ನಿಮ್ಮವು ಮಾತ್ರ ಮಣ್ಣಿಗೆ ಸೇರಿದ್ರೆ ನಮ್ಮವು ಬೇಜಾರ್ ಮಾಡ್ಕೊಳಲ್ವ?’

ಮೂವರೂ ಸೇರಿ ಊರಿದರು. ತಿರುಮಲಮ್ಮ ಮಡಿಲಿಂದ ಒಂದು ಹಿಡಿ ಕಡಲೆ ತೆಗೆದು ಮಣ್ಣಿನ ಮೇಲೆ ಚೆಲ್ಲಿ, ಹಣೆಯನ್ನು ಬುಡಕ್ಕೆ ಮುಟ್ಟಿಸಿದಳು. ಹುಣಸೆ ಎಲೆಗಳ ನಡುವೆ ಸೋಸಿ ಬಂದ ಬಿಸಿಲಿಗೆ ಹಳದಿ, ನೀಲಿ, ಬಿಳಿ ಒಟ್ಟಿಗೇ ಹೊಳೆದವು.

‘ಈ ದಿನದ ವರದಿ?’ ಎಂದು ಕುಪ್ಪಸದ ಅಂಚಿನಿಂದ ಕಿವಿ ಕೇಳಿತು. ಅದರ ಹೊತ್ತಾಗಿತ್ತು.

‘ಬರ್ಕೊಳಪ್ಪ,’ ಎಂದಳು ತಿರುಮಲಮ್ಮ ಕಣ್ಣೊರೆಸಿಕೊಳ್ಳುತ್ತ. ‘ಮೂವತ್ತು ಜೀವ ಸತ್ತವು. ನಲವತ್ತು ಜೀವ ಹೆಚ್ಚಿದವು.’

ಕಿವಿ ತುಸು ತಡೆಯಿತು. ಪಾಠ ಕಲಿತ ಯಂತ್ರ ಅದು. ‘ಹೆಚ್ಚಿದವು ಎಂದಿರಿ. ಸತ್ತವು ಎಂದು ಬರೆದುಕೊಳ್ಳಲೇ?’

‘ಬ್ಯಾಡ ಕಣಪ್ಪ,’ ಎಂದಳು ಅವಳು. ‘ಇವು ಹೆಚ್ಚಿದ್ದೇ.’

‘ದಾಖಲಾಯಿತು.’